ಕೂತವರಿಗೆ ಔಷಧಿಯಿಲ್ಲ

ಅತ್ತೆಯ ಬೆರಳುಗಳು ಸರೋಜಳ ಭುಜವನ್ನು ಕಚ್ಚಿ ಹಿಡಿದಿದ್ದವು. "ನಿಲ್ಬೇಡ, ನಡಿ" ಎಂದರು ದುಗ್ಗಮ್ಮ.

ಸಾವಿರದ ಒಂಬೈನೂರ ಅರವತ್ತೈದರ ಮಾತು. ತೀರ್ಥಹಳ್ಳಿಯ ಆ ಡಾಕ್ಟರದು ವಿಚಿತ್ರ ಕಟ್ಟಳೆ. ಕಾಯುವ ಕೋಣೆಯಲ್ಲಿ ಗಂಟೆಗಟ್ಟಲೆ ಕೂತೇ ರೋಗಿಗಳ ಕೈಕಾಲು ಮರಗಟ್ಟುತ್ತವೆ ಎಂದು ಬೆಂಚುಗಳನ್ನೆಲ್ಲ ಎತ್ತಿಸಿಬಿಟ್ಟಿದ್ದರು. ಸರದಿ ಬರುವ ತನಕ ಆಸ್ಪತ್ರೆಯ ಸುತ್ತ ನಡೆಯಬೇಕು. ಕುಂಟುವವರು ಜೊತೆಗೆ ಬಂದವರನ್ನು ಹಿಡಿದುಕೊಂಡಾದರೂ ನಡೆಯಬೇಕು. ಕೂತವರಿಗೆ ಔಷಧಿಯಿಲ್ಲ! ಉಳಿದಿದ್ದು ಮುಂಬಾಗಿಲಿನ ಒಂದೇ ಕುರ್ಚಿ. ಅದರಲ್ಲಿ ಮಾವ ಮುಕುಂದಯ್ಯ ಕೊಡೆ ಊರಿಕೊಂಡು ಕೂತಿದ್ದರು. ಪ್ರತಿ ಸುತ್ತಿಗೂ ಸೊಸೆ ಬಂದಳೇ ಎಂದು ನೋಡುತ್ತಿದ್ದರು.

ಸರೋಜಳಿಗೆ ಅಳು ಉಕ್ಕಿ ಬರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹೊಸನಗರದ ಆ ಮನೆಯ ಹೊಸ್ತಿಲು ದಾಟಿದ್ದೇ ಅಪರೂಪ. ಶಿವಮೊಗ್ಗದ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಕರೆದೊಯ್ಯಲು ಸಾಗರದಿಂದ ಅಣ್ಣ ಪುಟ್ಟಪ್ಪ ಬಂದರೆ, ಸೊಸೆ ಹೊರಗೆ ಹೋದರೆ ಮನೆತನದ ಮರ್ಯಾದೆ ಏನಾಗಬೇಕು ಎಂದು ಮಾವ ಕೂಗಾಡಿ ಅಟ್ಟಿದ್ದರು. ಸೇರಲು ಇವತ್ತೇ ಕಡೆಯ ದಿನ.

ಅಣ್ಣ ಬಂದುಹೋದ ಮರುದಿನವೇ ಅತ್ತೆಯ ಕಾಲು ಸ್ವಾಧೀನ ತಪ್ಪಿದ್ದು. ಎಂಥ ಕಾಲು ನೋಡಿ! ಬಚ್ಚಲಿಗೆ ಹೋಗಲೂ ಸರೋಜಳ ಭುಜವೇ ಬೇಕು. ನೋಡಿಕೊಳ್ಳುತ್ತೇನೆಂದು ಮಗಳು ಲಕ್ಷ್ಮೀ ಬಂದರೆ, ನಿನ್ನ ಕೈ ಒರಟು ಎಂದು ವಾಪಸು ಕಳಿಸಿದರು. ಊರಿನ ಡಾಕ್ಟರು ಆಗುವುದಿಲ್ಲ, ತೀರ್ಥಹಳ್ಳಿಯವರೇ ಆಗಬೇಕು, ಅದೂ ಇವತ್ತೇ ಆಗಬೇಕು. ಸೊಸೆಯನ್ನು ಕಟ್ಟಿಹಾಕಲು ಮುದುಕಿ ಕಾಲು ಬೀಳಿಸಿಕೊಂಡಳು ಎಂದು ನೆರೆಯವರು ನಕ್ಕಿದ್ದರು. ಸರೋಜಳೂ ಒಳಗೊಳಗೇ ಶಪಿಸಿದ್ದಳು.

ಮತ್ತೆ ಮುಂಬಾಗಿಲು ಬಂತು. ಹೀಗೆ ತೆವಳಿದರೆ ಸರದಿ ಬಂದ ಹಾಗೇ ಎಂದು ಮಾವ ಗೊಣಗಿದರು. ಅತ್ತೆ ನರಳಿದರು, ಸೊಸೆಯ ಮೇಲೆ ಇನ್ನಷ್ಟು ಭಾರ ಬಿಟ್ಟರು.

ಹಿತ್ತಲಿಗೆ ತಿರುಗಿದರು. ಬೇಲಿಯಾಚೆಯೇ ಬಸ್‌ಸ್ಟ್ಯಾಂಡು. ಶಿವಮೊಗ್ಗ, ಶಿವಮೊಗ್ಗ ಎಂದು ಕಂಡಕ್ಟರ್ ಕೂಗುತ್ತಿದ್ದ. ಸರೋಜ ಮುಖ ತಿರುಗಿಸಿಕೊಂಡಳು, ನೋಡಿ ಮಾಡುವುದೇನು? ಆದರೂ ಕಣ್ಣು ಅತ್ತಲೇ ಹೋಯಿತು. ಬಸ್ಸಿನ ಬಾಗಿಲಲ್ಲಿ ಪುಟ್ಟಪ್ಪಣ್ಣ ನಿಂತಿದ್ದ.

ಅತ್ತೆ ಕಂಡರೆ ಮುಗಿಯಿತು, ಅಣ್ಣನಿಗೂ ಉಗಿತ, ತನಗೂ ಉಗಿತ. ಸರೋಜ ಅತ್ತೆಯನ್ನು ಬೇಗ ಬೇಗ ಮುಂದಕ್ಕೆ ಎಳೆದಳು.

ದುಗ್ಗಮ್ಮ ಕದಲಲಿಲ್ಲ. ಭುಜದ ಮೇಲಿನ ಕೈ ತೆಗೆದರು. ನೆಟ್ಟಗೆ ನಿಂತರು. ದಡದಡನೆ ನಡೆದು ಹೋಗಿ ಹಿತ್ತಲ ಗೇಟು ತೆರೆದರು.

"ಅಣ್ಣಂಗೆ ಲಕ್ಷ್ಮೀ ಕೈಲಿ ನಾನೇ ಹೇಳಿ ಕಳ್ಸಿದ್ದೆ, ಹೋಗು. ನಾನು ಮುಂಬಾಗಿಲಿಗೆ ಬರೋದ್ರೊಳಗೆ ಬಸ್ಸು ಮಂಡಗದ್ದೆ ದಾಟಿರುತ್ತೆ. ನನ್ನ ಕಾಲು ಎಷ್ಟು ನಿಧಾನ ಅಂತ ನಿಮ್ಮ ಮಾವಂಗೆ ಗೊತ್ತಲ್ಲ."