ಅಳಿಯನ ಕಷಾಯ

ಕಿರಣಕುಮಾರ ಸುಳ್ಳು ಹೇಳುತ್ತಿದ್ದ. ಭಾಗ್ಯಾಗೆ ಅದರಲ್ಲಿ ಸಂಶಯವೇ ಇರಲಿಲ್ಲ.

"ದಿನಾ ಕುಡೀತೀನ್ರಿ ಅಕ್ಕಾರ. ಉಂಡ ಮ್ಯಾಲೆ, ಮಲಗೂಕಿಂತ ಮೊದಲ. ಒಂದ್ ಹನಿ ಬಿಡೂದಿಲ್ಲ."

"ಮತ್ತ ನಿದ್ದಿ?"

"ಬರಂಗಿಲ್ರಿ. ಮೊದಲ ಮೂರು ತಾಸರ ಬರ್ತಿತ್ತು. ಈಗ ಅದೂ ಹೋತು."

ಇದು ಅವನ ನಾಲ್ಕನೆಯ ಭೇಟಿ. ದೇವಿಕೊಪ್ಪದ ತನ್ನ ಹಿತ್ತಲಲ್ಲಿ ಭಾಗ್ಯಾ ಬ್ರಾಹ್ಮಿ ಬೆಳೆಯುತ್ತಿದ್ದಳು. ಜಟಾಮಾಂಸಿಯ ಬೇರು ತರಿಸಿ, ಎರಡನ್ನೂ ಒಣಗಿಸಿ ಕುಟ್ಟಿ, ನಿದ್ದೆಯ ಕಷಾಯಕ್ಕೆಂದು ಪೊಟ್ಟಣ ಕಟ್ಟುತ್ತಿದ್ದಳು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಅವಳ ಪೊಟ್ಟಣ ಸೋತದ್ದಿಲ್ಲ. ಸೋಲುವವರು ಅದನ್ನು ಒಯ್ಯುವ ಜನ. ಹೇಳಿದ್ದು ಕೇಳುವುದಿಲ್ಲ, ಮೊಬೈಲು ಕೆಳಗಿಡುವುದಿಲ್ಲ, ಆಮೇಲೆ ಸೊಪ್ಪನ್ನು ಬೈಯುತ್ತಾರೆ.

ಕಿರಣಕುಮಾರ ಹತ್ತು ವರ್ಷ ರಾತ್ರಿ ಲಾರಿ ಓಡಿಸಿದವನು. ಮದುವೆಯಾದ ಮೇಲೆ ಹತ್ತಿರದ ತಂಬೂರು ಗ್ರಾಮದಲ್ಲಿ ಅತ್ತೆಯ ಮನೆ ಸೇರಿ, ಶಾಲೆಯ ವ್ಯಾನು ಹಿಡಿದಿದ್ದ. ರಾತ್ರಿಯ ನಿದ್ದೆ ಮಾತ್ರ ಮರಳಿರಲಿಲ್ಲ. ಹೋದ ವಾರ ಬಮ್ಮಿಗಟ್ಟಿ ರಸ್ತೆಯಲ್ಲಿ ಸ್ಟೇರಿಂಗ್ ಮೇಲೆಯೇ ತೂಕಡಿಸಿದ. ಒಳಗೆ ಹದಿನೆಂಟು ಮಕ್ಕಳು. ವ್ಯಾನು ಗಟಾರದ ಅಂಚಿಗೆ ಹೋಗಿ ನಿಂತಿತು. ಮಕ್ಕಳು ಆಟವೆಂದುಕೊಂಡು ನಕ್ಕರು. ಶಾಲೆಯವರು ನಗಲಿಲ್ಲ. ಇನ್ನೊಮ್ಮೆ ಹೀಗಾದರೆ ಚಾವಿ ಇಟ್ಟು ಮನೆಗೆ ನಡೆ ಎಂದರು.

"ಭಾಳ ಕಹಿ ಅನಸ್ತದೇನು?" ಭಾಗ್ಯಾ ಕೇಳಿದಳು.

"ಇಲ್ರಿ. ಅಗದಿ ರುಚಿ ಐತ್ರಿ."

ಸಿಕ್ಕಿಬಿದ್ದ. ಅವಳ ಕಷಾಯವನ್ನು ರುಚಿ ಎಂದವರು ಇಡೀ ತಾಲೂಕಿನಲ್ಲಿ ಇರಲಿಲ್ಲ. ಅವಳೇ ಮೂಗು ಹಿಡಿದು ಕುಡಿಯುತ್ತಿದ್ದಳು. ಮೊದಲ ಸಲ ಒಂದು ಚಮಚ ಹೇಳಿದ್ದಳು, ಆಮೇಲೆ ಎರಡು, ಆಮೇಲೆ ಮೂರು. ಮೂರು ಚಮಚಕ್ಕೆ ಎತ್ತೂ ಮಲಗಬೇಕು.

"ಬರೇ ನೀರಾಗ ಕುದಸೂದು, ಸೋಸೂದು, ಕುಡಿಯೂದು. ನಿಮ್ಮ ಅತ್ತೀಗೆ ಹೇಳೀಯೋ ಇಲ್ಲೋ?"

"ಪೊಟ್ಟಣದ ಮ್ಯಾಲ ಬರದದಲ್ರಿ. ಕೈಯಾಗ ಕೊಟ್ಟೀನಿ. ಅಡಗಿಮನ್ಯಾಗ ನಾ ಹೋಗಂಗಿಲ್ರಿ, ಅಳ್ಯಾ ನೋಡ್ರಿ."

ಅತ್ತೆಯ ಮನೆಯಲ್ಲಿ ವರ್ಷಗಟ್ಟಲೆ ಉಣ್ಣಬಹುದು, ಅಡುಗೆಮನೆಯ ಹೊಸ್ತಿಲು ಮಾತ್ರ ದಾಟಬಾರದು. ಎಂಥ ಮಾನ! ಭಾಗ್ಯಾ ಈ ಸಲ ಪೊಟ್ಟಣ ಕೊಡಲಿಲ್ಲ. ಮರುದಿನ ಸಂಜೆ ತಾನೇ ತಂಬೂರಿಗೆ ಹೋದಳು.

ಅತ್ತೆ ಮರೆವ್ವ ಕಟ್ಟೆಯ ಮೇಲೆ ಕೂತು ಬೇಳೆ ಹಸನು ಮಾಡುತ್ತಿದ್ದಳು. ಅಳಿಯ ಕಂಬಕ್ಕೊರಗಿ ನೆಲ ನೋಡುತ್ತಿದ್ದ.

"ಬರ್ರಿ ಅಕ್ಕಾರ. ನೋಡ್ರಿ ನಿಮ್ಮ ಪೇಶಂಟ್‌ನ. ರಾತ್ರೆಲ್ಲ ಗೂಗಿಹಂಗ ಕಣ್ಣ ಬಿಟಗೊಂಡು ಕುಂದ್ರತಾನ. ಹಗಲ ಮಂದಿ ಹುಡುಗೂರ್ನ ಗಟಾರಕ್ಕ ಒಯ್ತಾನ. ಮಗಳನ್ನ ಕೊಡೂ ಮುಂದ ನನ್ನ ಕಣ್ಣಿಗೆ ಏನ್ ಮಣ್ಣು ಬಿದ್ದಿತ್ತೋ!"

ಅವನ ಕಿವಿ ಕೆಂಪಾದವು.

ಭಾಗ್ಯಾಗೆ ಆಗ ತಿಳಿಯಿತು. ಸುಳ್ಳುಗಾರ ಇವನಲ್ಲ, ಇವನಿಗೆ ಅಷ್ಟು ಬುದ್ಧಿಯೂ ಇಲ್ಲ. ಅಳಿಯನನ್ನು ಕಂಡರಾಗದ ಈ ಹೆಂಗಸು ಅವನಿಗಾಗಿ ಒಲೆಯ ಮುಂದೆ ನಿಂತು ಕಷಾಯ ಕಾಸುತ್ತಾಳೆಯೇ? ಬಿಸಿನೀರಿಗೆ ಬೆಲ್ಲ ಕದಡಿ ಕೈಗಿಟ್ಟಿರಬೇಕು. ಅದಕ್ಕೇ ರುಚಿ.

ಕೇಳದೆಯೇ ಹಿತ್ತಲಿಗೆ ನಡೆದಳು. ಬಚ್ಚಲಿನ ಬಾಜು, ಬಾಳೆಯ ಬುಡದಲ್ಲಿ ಕುದಿಸಿ ಸೋಸಿದ ಗಸಿ ಕರ್ರಗೆ ಗುಡ್ಡೆ ಬಿದ್ದಿತ್ತು. ನಡುವೆ ಬ್ರಾಹ್ಮಿಯ ದಂಟು. ಬಗ್ಗಿ ನೋಡಲು ಅಸಹ್ಯವಾಗಿ ಅಷ್ಟಕ್ಕೇ ತಿರುಗಿ ಬಂದಳು.

"ಮರೆವ್ವಾ, ಕುದಸೂದು ಖರೆ. ಆದರ ಇವಂಗ ಕೊಡ್ತೀಯೋ, ಬಚ್ಚಲಕ್ಕ ಸುರೀತೀಯೋ? ಇವನ ನೌಕರಿ ಹೋದರ ನಿನಗ ಖುಷಿ ಏನು? ಹದಿನೆಂಟು ಹುಡುಗೂರ ಜೀವ ಐತಿ ಇವನ ಕೈಯಾಗ."

ಮರೆವ್ವನ ಕೈಯ ಮೊರ ನಿಂತಿತು. ಆಕೆ ನಿಧಾನವಾಗಿ ಎದ್ದಳು. ಸೆರಗು ತಲೆಯ ಮೇಲೆಳೆದುಕೊಂಡಳು. ಮಾತಿನಲ್ಲಿ ಈಗ ತಮಾಷೆ ಇರಲಿಲ್ಲ.

"ಬಾಯ್ಲೆ ಬೈತೀನ್ರಿ, ಅದು ಬ್ಯಾರೆ. ಅಳ್ಯಾನ ಮುಂದ ಬರೇ ಸೊಪ್ಪಿನ ನೀರಿಡೂವಷ್ಟು ಮರ್ಯಾದಿಗೇಡಿ ಅಲ್ಲ ನಾ. ಗಟ್ಟಿ ಎಮ್ಮಿ ಹಾಲು ಹಾಕೀನಿ, ಸಕ್ರಿ ಹಾಕೀನಿ, ನೀವು ಸೊಪ್ಪು ಏರಿಸಿದಾಗೊಮ್ಮೆ ಅದರ ಕಹಿ ಮುಚ್ಚಾಕ ನಾನೂ ಎರಡೆರಡು ಚಮಚ ಚಹಾಪುಡಿ ಏರಿಸೀನಿ!"