ಸದ್ದಿಲ್ಲದ ಕೈಮಾ ಉಂಡೆ

ಬೈರಮ್ಮ ಕೈಮಾ ಉಂಡೆಗೆ ಒಲೆ ಹಚ್ಚುವ ಮೊದಲೇ ಸೊಸೆ ಮಂಜುಶ್ರೀ ಅಡುಗೆಮನೆಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೆಯ ಟವೆಲ್ ತುರುಕಿದಳು.

"ಮನೆ ಯಾರ್ದೇ?" ಎಂದರು ಬೈರಮ್ಮ.

"ನಮ್ದೇ ಅತ್ತೆ. ಆದ್ರೆ ಮೇಲಿನ್ಮನೆಯೋರಿಗೆ ವಾಸ್ನೆ ಆಗಲ್ಲ. ಹೋದ ಸಲ ಖಾಲಿ ಮಾಡ್ತೀವಿ ಅಂದ್ಬಿಟ್ರಲ್ಲ."

ಕುಂದಲಹಳ್ಳಿಯ ರಾಗಿ ಹೊಲವನ್ನು ಮಾರದೆ, ಅದರಲ್ಲೇ ಮೂರು ಮಹಡಿ ಎಬ್ಬಿಸಿದ ಜಾಣ ಬೈರಮ್ಮನ ಮಗ ಮುರಳಿ. ಸಸ್ಯಾಹಾರಿಗಳಾದರೆ ಮನೆ ಚೊಕ್ಕಟವಾಗಿಟ್ಟುಕೊಳ್ಳುತ್ತಾರೆ, ಬಾಡಿಗೆಗೂ ಚೌಕಾಸಿ ಮಾಡುವುದಿಲ್ಲ ಎಂದು ಬ್ರೋಕರ್ ಕಿವಿಯಲ್ಲಿ ಊದಿದ್ದೇ ತಡ, 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಗೇಟಿಗೆ ಬೋರ್ಡು ತೂಗುಹಾಕಿದ್ದ. ಭಾನುವಾರ ಬಾಡಿಲ್ಲದೆ ಊಟಕ್ಕೇ ಕೂರದವನು ಬರೆಸಿದ ಬೋರ್ಡು ಅದು. ಬಾಡಿಗೆದಾರರು ಬಂದರು, ಮಾಲೀಕರ ಮನೆಯಲ್ಲಿ ಬಾಡು ಬೇಯುವುದು ನಿಂತಿತು. ಮುರಳಿಯೇನೋ ಹೋಟೆಲಿನಲ್ಲಿ ತಿಂದು ಬರುತ್ತಿದ್ದ.

ಆದರೆ ಅವನ ಮಗ, ಆರು ವರ್ಷದ ಅಂಜನ್, ಒಣಗಿ ಕಡ್ಡಿಯಾಗಿದ್ದ. ರಕ್ತ ಕಡಿಮೆ ಇದೆ, ಮಾಂಸ ತಿನ್ನಿಸಿ ಎಂದು ಡಾಕ್ಟರು ಹೇಳಿದ ಮೇಲೆ ಬೈರಮ್ಮ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಕೊಬ್ಬು ತೆಗೆಸಿದ ಕೈಮಾ ತರಿಸಿ, ಹುರಿಗಡಲೆ, ಕಾಯಿ, ಶುಂಠಿ ಹಾಕಿ ಒರಳುಕಲ್ಲಿನಲ್ಲೇ ರುಬ್ಬಿದರು. ಮೆಂತ್ಯದ ಸೊಪ್ಪನ್ನು ಸಣ್ಣಗೆ ಹೆಚ್ಚಿ ಕಲೆಸಿದರು. ಮಗುವಿಗೆಂದು ಖಾರ ಬಿಟ್ಟು, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಎಣ್ಣೆಯಲ್ಲಿ ಕರಿಯದೆ ಇಡ್ಲಿ ತಟ್ಟೆಯಲ್ಲಿ ಹಬೆಗಿಟ್ಟರು. ಮುಚ್ಚಿದ ಅಡುಗೆಮನೆಯಲ್ಲಿ ಬೆವರು ಕಣ್ಣಿಗಿಳಿಯುತ್ತಿತ್ತು. ಹೊರಗೆ ಮಂಜುಶ್ರೀ ಒಂದು ಕಟ್ಟು ಊದುಬತ್ತಿಯನ್ನೇ ಹಚ್ಚಿಟ್ಟಿದ್ದಳು.

ಶಾಲೆಯಿಂದ ಬಂದ ಅಂಜನ್ ಅನ್ನ ಮುಟ್ಟಲಿಲ್ಲ. ಉಂಡೆಗಳನ್ನೇ ಒಂದರ ಹಿಂದೊಂದು ಬಾಯಿಗೆ ಹಾಕಿಕೊಂಡ.

"ಇನ್ನೊಂದ್ ಆಕ್ಲೇನಪ್ಪಾ?"

"ಹಾಕಜ್ಜಿ. ಸಕ್ಕತ್ತಾಗಿದೆ."

ಬೈರಮ್ಮನ ಹೊಟ್ಟೆ ತಣ್ಣಗಾಯಿತು. ಈ ಮಗು ಬಾಯಿಬಿಟ್ಟು ಇನ್ನೊಂದು ಕೇಳಿ ಎಷ್ಟು ಕಾಲವಾಗಿತ್ತೋ.

"ಅಂಜು, ಏನ್ ತಿಂದೆ ಅಂತ ಮೇಲ್ಗಡೆ ಯಾರಾದ್ರೂ ಕೇಳಿದ್ರೆ?" ಎಂದಳು ಮಂಜುಶ್ರೀ.

"ಸೋಯಾ ಉಂಡೆ," ಎಂದ ಅಂಜನ್, ಮಗ್ಗಿ ಒಪ್ಪಿಸುವ ಹಾಗೆ.

"ಮಗೀಗೆ ಸುಳ್ ಏಳ್ಕೊಡ್ತೀಯಲ್ಲೇ."

"ಸುಳ್ಳಲ್ಲ ಅತ್ತೆ, ಅಡ್ಜಸ್ಟ್‌ಮೆಂಟು."

ಅಂದು ಸಂಜೆ ಮೇಲಿನ ಮನೆಯ ಹರ್ಷವರ್ಧನನ ಹುಟ್ಟುಹಬ್ಬ. ಅಂಜನ್ ಹೊಸ ಶರ್ಟು ತೊಟ್ಟು, ಯಾರೂ ಹೇಳದೆಯೇ ಬಚ್ಚಲಿಗೆ ಹೋಗಿ ಹಲ್ಲುಜ್ಜಿದ. ಸಾಲದೆಂದು ಮತ್ತೆ ಪೇಸ್ಟ್ ಹಚ್ಚಿದ. ನಾಲಿಗೆ ಉಜ್ಜಿ ಉಜ್ಜಿ ಓಕರಿಸಿದ.

ಬಾಗಿಲಲ್ಲಿ ನಿಂತಿದ್ದ ಬೈರಮ್ಮ ಒಳಗೆ ಬಂದರು. "ತಿಂದಿದ್ದೆಲ್ಲ ಓಯ್ತದೆ ಕಣಪ್ಪಾ. ಯಾಕಿಂಗೆ ಉಜ್ತೀಯಾ?"

"ಹೋದ ಸಲ ಹರ್ಷನ ಅಮ್ಮ ಮೂಗು ಮುಚ್ಕೊಂಡು, ಹೊರಗಡೆನೇ ಆಟ ಆಡು ಅಂದ್ರು." ಅಂಜನ್ ಬಾಯಿ ಅಗಲಿಸಿ ಮುಖ ಮೇಲೆತ್ತಿದ. "ಮೂಸಿ ನೋಡು. ಬರ್ತಿದೆಯಾ?"

ಬೈರಮ್ಮ ಬಗ್ಗಿ ಮೂಸಿದರು. ಪೇಸ್ಟಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

"ಇಲ್ಲ ಕಣಪ್ಪಾ," ಎನ್ನುತ್ತ, ಮಡಿಚಿಕೊಂಡಿದ್ದ ಅವನ ಕಾಲರ್ ಸರಿಮಾಡಲು ಕೈ ನೀಡಿದರು.

ಅಂಜನ್ ಸರಕ್ಕನೆ ಹಿಂದೆ ಸರಿದ.

"ಮುಟ್ಬೇಡ ಅಜ್ಜಿ. ನಿನ್ ಕೈಯಲ್ಲಿ ಬರ್ತಿದೆ."