ಬಳಗಕ್ಕೊಂದು ಹೆಬ್ಬೆರಳು

"ಎಲ್ರೂ ಬಳಗಕ್ಕೆ ಬನ್ನಿ, ದಯವಿಟ್ಟು ಬನ್ನಿ," ಎಂದು ಸಿಬ್ಬಂದಿ ವಿಭಾಗದ ಹೊಸ ಅಧಿಕಾರಿ ಟೀ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಕೊಂಡಳು. ಒಳಗಿದ್ದವರೆಲ್ಲ ಲೋಟ ಹಿಡಿದುಕೊಂಡೇ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಪಂಪ್ ಮಾರುವ ಆ ಕಂಪನಿಯವರನ್ನು ಮೀರಿಸುವವರಿಲ್ಲ. ಬಳಗ ಎಂದರೆ ಮತ್ತೇನಲ್ಲ, ನೌಕರರು ಒಬ್ಬರೊಡನೊಬ್ಬರು ಬೆರೆಯಲಿ, ಕೆಲಸದ ವಿಷಯ ಹಂಚಿಕೊಳ್ಳಲಿ ಎಂದು ನಿರ್ದೇಶಕರು ದುಡ್ಡು ಸುರಿದು ತರಿಸಿದ ಆ್ಯಪ್. ಎಲ್ಲರ ಮೊಬೈಲಿನಲ್ಲೂ ಅದಿತ್ತು. ಒಳಗೆ ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ.

ಇರುವುದಾದರೂ ಹೇಗೆ? ಬೆರೆಯಲು ಅವರಿಗೆ ಟೀ ಕೋಣೆಯಿತ್ತು. ಯಾವ ಗಿರಾಕಿ ಸತಾಯಿಸುತ್ತಿದ್ದಾನೆ, ಯಾವ ಮೋಟಾರು ವಾಪಸು ಬಂದಿದೆ, ಯಾರ ಅತ್ತೆಗೆ ಯಾವ ಆಪರೇಷನ್ನು, ಎಲ್ಲವೂ ಟೀ ಅಕ್ಕನ ಸ್ಟವ್ವಿನ ಎದುರಿನ ಗಿಡ್ಡ ಬೆಂಚಿನ ಮೇಲೆ ಚರ್ಚೆಯಾಗಿ ಅಲ್ಲೇ ತೀರ್ಮಾನವಾಗುತ್ತಿತ್ತು. ಲೆಕ್ಕದ ವಿಭಾಗದ ಹಿರಿಯರು ಲೋಟ ಕೆಳಗಿಟ್ಟು, "ಇಲ್ಲಿ ಕೇಳಿದ್ದನ್ನೇ ಅಲ್ಲಿ ಹೋಗಿ ಓದ್ಬೇಕಾ ಮೇಡಂ? ಅಲ್ಲಿ ಟೀ ಬೇರೆ ಸಿಗಲ್ಲ," ಎಂದರು. ಎಲ್ಲರೂ ನಕ್ಕರು. ಅಧಿಕಾರಿಯೂ ನಗಬೇಕಾಯಿತು. ಬಳಗದ ಚಟುವಟಿಕೆ ತೋರಿಸುವ ಗೆರೆ ಈ ತಿಂಗಳೂ ಮಲಗಿಯೇ ಇದ್ದರೆ ಅವಳ ಕೆಲಸ ಖಾಯಂ ಆಗುವುದಿಲ್ಲವೆಂದು ನಿರ್ದೇಶಕರು ನಗುನಗುತ್ತಲೇ ಹೇಳಿದ್ದರು. ಗಂಡ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ. ಮನೆ ನಡೆಯುತ್ತಿದ್ದುದು ಅವಳೊಬ್ಬಳ ಸಂಬಳದಿಂದ.

ಅವಳ ಪಾಲಿಗೆ ಇದ್ದದ್ದು ಟೀ ಅಕ್ಕ ಒಬ್ಬಳೇ. ಆ್ಯಪ್ ಹಾಕಿಕೊಟ್ಟ ದಿನ ಅಕ್ಕ, ಇದನ್ನೆಲ್ಲ ಓದುತ್ತ ಕೂತರೆ ಹಾಲು ಉಕ್ಕುತ್ತದೆ ಎಂದು ತಗಾದೆ ತೆಗೆದಿದ್ದಳು. "ಓದೋದು ಬೇಡ ಬಿಡಕ್ಕ. ನಾನು ಏನೇ ಹಾಕಿದ್ರೂ ಕೆಳಗಡೆ ಹೆಬ್ಬೆರಳಿನ ಚಿತ್ರ ಇರುತ್ತಲ್ಲ, ಅದನ್ನ ಒತ್ತಿದ್ರೆ ಸಾಕು," ಎಂದು ಅಧಿಕಾರಿ ಹೇಳಿಕೊಟ್ಟಿದ್ದಳು. ಅಕ್ಕ ಅದನ್ನು ವ್ರತದಂತೆ ಪಾಲಿಸಿದಳು. 'ನಿಮ್ಮ ಮೇಜಿನ ಫೋಟೊ ಹಂಚಿಕೊಳ್ಳಿ', 'ಇಂದು ನಿಮ್ಮನ್ನು ನಗಿಸಿದ್ದು ಯಾರು?' ಎಂದೆಲ್ಲ ಅಧಿಕಾರಿ ಹಾಕಿದ ಪ್ರತಿಯೊಂದರ ಕೆಳಗೂ ಒಂದೇ ಒಂದು ಹೆಬ್ಬೆರಳು ನಿಷ್ಠೆಯಿಂದ ಎದ್ದು ನಿಂತಿರುತ್ತಿತ್ತು.

ಟೀ ಕೋಣೆಯಿಂದ ತನ್ನ ಕುರ್ಚಿಗೆ ಮರಳಿದವಳಿಗೆ ಹಿರಿಯರ ಮಾತು ತಲೆಯಲ್ಲಿ ಕೊರೆಯಿತು. ಕೊರೆಯುತ್ತ ಕೊರೆಯುತ್ತ ಅದೇ ಒಂದು ಉಪಾಯವಾಯಿತು. ಬಳಗದಲ್ಲಿ ಬರೆದಳು: 'ಟೀ ಕೋಣೆಯನ್ನು ಮುಚ್ಚುವ ಪ್ರಸ್ತಾವವಿದೆ. ನಿಮ್ಮ ಅಭಿಪ್ರಾಯ ತಿಳಿಸಿ.' ಅಂಥ ಪ್ರಸ್ತಾವ ಯಾವುದೂ ಇರಲಿಲ್ಲ. ಎಲ್ಲರೂ ಒಳಗೆ ಬಂದ ಮೇಲೆ, ತಮಾಷೆಗೆ ಹೇಳಿದ್ದು ಎಂದು ಬರೆದು ಕ್ಷಮೆ ಕೇಳಿದರಾಯಿತು ಎಂದುಕೊಂಡಿದ್ದಳು.

ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಪಾಸ್‌ವರ್ಡ್ ಮರೆತುಹೋಗಿದೆ ಎಂದು ಮೊದಲ ದಿನದಿಂದ ರಾಗ ಎಳೆಯುತ್ತಿದ್ದ ಸ್ಟೋರಿನವನಿಗೆ ಅದು ತಟ್ಟನೆ ನೆನಪಾಯಿತು. ಲೆಕ್ಕದ ಹಿರಿಯರು ಪ್ರಬಂಧವನ್ನೇ ಬರೆದರು. ಡ್ರೈವರು ಬರೆಯುವ ಗೋಜಿಗೆ ಹೋಗದೆ ಬೈಗುಳವನ್ನು ಸ್ವಂತ ಧ್ವನಿಯಲ್ಲೇ ಕಳಿಸಿದ. ಇಷ್ಟು ದಿನ ಮಲಗಿದ್ದ ಗೆರೆ ದಡಬಡಿಸಿ ಎದ್ದು ಪರದೆಯ ನೆತ್ತಿ ಮುಟ್ಟಿತು. ಅಧಿಕಾರಿಗೆ ಎಷ್ಟೋ ದಿನಗಳ ಮೇಲೆ ಎದೆತುಂಬ ಉಸಿರಾಡಿದಂತಾಯಿತು. ಅಷ್ಟರಲ್ಲಿ ನಿರ್ದೇಶಕರು ಕರೆದರು.

ಅವರು ಗೆರೆಯನ್ನು ಕಣ್ತುಂಬ ನೋಡುತ್ತಿದ್ದರು. ಅದರ ಕೆಳಗಿನ ಮಾತುಗಳನ್ನು ಓದಿದಂತಿರಲಿಲ್ಲ. ಖಾಯಂ ಪತ್ರಕ್ಕೆ ಸಹಿ ಹಾಕಿ ಮುಂದೆ ಚಾಚಿ, ಟೀ ಕೋಣೆಯ ವಿಚಾರ ತಮಗೇ ಹೊಳೆದಿರಲಿಲ್ಲ, ಸೋಮವಾರದಿಂದಲೇ ಮುಚ್ಚಿಸೋಣ ಎಂದರು. ಅವಳು ಬೆಪ್ಪಾಗಿ, ಅದು ಸುಮ್ಮನೆ ಜನರನ್ನು ಮಾತಿಗೆಳೆಯಲು ಹಾಕಿದ್ದು, ಎಲ್ಲರೂ ಅದನ್ನು ವಿರೋಧಿಸಿದ್ದಾರೆ ಎಂದು ತೊದಲಿದಳು.

"ವಿರೋಧ ಎಲ್ಲಿದೆ? ಮೆಚ್ಚುಗೆ ಒಂದು, ವಿರೋಧ ಸೊನ್ನೆ. ನೀವೇ ನೋಡಿ."

ನೋಡಿದಳು. ಬಳಗದಲ್ಲಿ ವಿರೋಧಿಸುವ ಗುರುತೇ ಇರಲಿಲ್ಲ. ಕಚೇರಿಯ ವಾತಾವರಣ ಕೆಡಬಾರದೆಂದು ನಿರ್ದೇಶಕರೇ ಅದನ್ನು ತೆಗೆಸಿದ್ದರು.

"ಅದೂ ಯಾರ ಮೆಚ್ಚುಗೆ? ಟೀ ಮಾಡೋ ಹೆಂಗಸೇ ಒಪ್ಪಿದಾಳೆ. ಇನ್ನು ಬೇರೆಯವರದ್ದೇನು ತಕರಾರು?"

ಪತ್ರ ಆಗಲೇ ಅವಳ ಕೈಗೆ ಬಂದಿತ್ತು. ಅದನ್ನು ಮೇಜಿನ ಮೇಲೆ ಮರಳಿ ಇಡುವಷ್ಟು ಹೊತ್ತು ಅವಳು ಅಲ್ಲಿ ನಿಂತೇ ಇದ್ದಳು, ಆದರೆ ಇಡಲಿಲ್ಲ. ಮಡಿಸಿ ಚೀಲದೊಳಕ್ಕೆ ಹಾಕಿಕೊಂಡಳು.

ಟೀ ಕೋಣೆಯಲ್ಲಿ ಅಕ್ಕ ಒಬ್ಬಳೇ ಲೋಟ ತೊಳೆಯುತ್ತಿದ್ದಳು. ಬೆಂಚು ಖಾಲಿ, ಎಲ್ಲರೂ ತಮ್ಮ ತಮ್ಮ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಜಗಳವಾಡುತ್ತಿದ್ದರು. ಅಧಿಕಾರಿಯ ಮುಖ ನೋಡಿ ಅಕ್ಕ ಏನನ್ನೂ ಕೇಳದೆ ಒಂದು ಲೋಟ ಟೀ ಬಗ್ಗಿಸಿ ಕೈಗಿತ್ತಳು. ಅವಳ ಮುಂದೆ ನಿಂತಾಗ ಅಧಿಕಾರಿಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು.

"ಅಕ್ಕಾ, ಬೆಳಿಗ್ಗೆ ನಾನು ಹಾಕಿದ್ದನ್ನ ಓದಿದ್ರಾ?"

"ಓದೋದು ಬೇಡ ಅಂತ ನೀವೇ ಹೇಳಿದ್ರಲ್ಲಮ್ಮ."

ಅಧಿಕಾರಿ ಬಾಯಿ ತೆರೆಯುವಷ್ಟರಲ್ಲಿ ಸಕ್ಕರೆ ಡಬ್ಬಿಯ ಮೇಲಿದ್ದ ಅಕ್ಕನ ಮೊಬೈಲು ಕಿಣಿ ಎಂದಿತು. ಸೋಮವಾರದಿಂದ ಟೀ ಕೋಣೆ ಇಲ್ಲವೆಂಬ ನಿರ್ದೇಶಕರ ಪ್ರಕಟಣೆ ಬಳಗದಲ್ಲಿ ಬಂದಿತ್ತು. ಜೊತೆಗೆ ಅಧಿಕಾರಿಯ ನಗುಮುಖದ ಫೋಟೊ. ಫೋಟೊ ಕಂಡದ್ದೇ ಅಕ್ಕನ ಮುಖ ಅರಳಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆರಳು ಒತ್ತಿ, ಮೊಬೈಲನ್ನು ಅವಳತ್ತ ತಿರುಗಿಸಿದಳು.

"ನೋಡಿ, ಈ ಸಲಾನೂ ನಾನೇ ಮೊದಲು."